ಕಲಿಯೋರಿಗೆ ಎಂಥ ವಿಮಾನ? ಹಾರದಿದ್ದರೆ ಏನು ನೋಡಬೇಕು?



ನಮ್ಮ ವಿಜ್ಞಾನ ಸಂಘದ ಡಬ್ಬಿಯಲ್ಲಿ ಈಗ 9,400 ರೂಪಾಯಿ ಇದೆ. ಶಾಲೆ ಕೈತೋಟದ ಬದನೆ, ಹುರುಳಿಕಾಯಿ, ಸೊಪ್ಪನ್ನು ಎರಡು ವರ್ಷ ಸಂತೆಯಲ್ಲಿ ಮಾರಿ ಕೂಡಿಟ್ಟ ದುಡ್ಡು. ಅದರಲ್ಲಿ ಬ್ಯಾಟರಿಯಿಂದ ಹಾರುವ ರಿಮೋಟ್ ವಿಮಾನ ಒಂದನ್ನು ಕೊಳ್ಳುವುದು ಅಂತ ಸಂಘದಲ್ಲಿ ಒಪ್ಪಿಗೆ ಆಗಿದೆ. ಯಾವ ವಿಮಾನ ಅನ್ನೋದು ಇನ್ನೂ ಆಗಿಲ್ಲ. ಅಂಗಡಿಯವರು ಕಳಿಸಿದ ಚಿತ್ರಗಳಲ್ಲಿ ಕೊನೆಗೆ ಎರಡು ಉಳಿದಿವೆ. ಒಂದು ಬೂದು ಬಣ್ಣದ, ಚೂಪು ಮೂತಿಯ ಯುದ್ಧವಿಮಾನ. ಇನ್ನೊಂದು ಹಳದಿ ಬಣ್ಣದ, ಅಗಲ ರೆಕ್ಕೆಯ ಸಾದಾ ವಿಮಾನ. ಇವತ್ತು ಕೈ ಎತ್ತಿಸಿದರೆ ಬೂದು ಬಣ್ಣದ್ದೇ ಗೆಲ್ಲುತ್ತೆ ಅಂತ ನನಗೆ ಗೊತ್ತು. ಶನಿವಾರದ ಸಭೆಗೆ ಮುಂಚೆ ಎಲ್ಲರೂ ಓದಲಿ ಅಂತಲೇ ಇದನ್ನು ಬರೆದಿದ್ದೇನೆ. ಕೊಂಡ ವಿಮಾನ ಮೊದಲ ದಿನವೇ ಮುರಿದರೆ ಮತ್ತೆ ಎರಡು ವರ್ಷ ಬದನೆ ಗಿಡಕ್ಕೆ ನೀರು ಹೊರಬೇಕು.

ನಿನಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬಹುದು. ತಿಪಟೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಕಟ್ಟುವ ನಮ್ಮ ಸೋದರಮಾವನ ಹತ್ತಿರ ಇಂಥದ್ದೊಂದು ವಿಮಾನ ಇದೆ. ರೆಕ್ಕೆ ಒಂದು ಮೀಟರ್ ಉದ್ದ, ತೂಕ ಅರ್ಧ ಕೆ.ಜಿ. ಬೇಸಿಗೆ ರಜೆ, ದಸರಾ ರಜೆ ಎಲ್ಲ ನಾನು ಅಲ್ಲೇ. ಮೊದಲ ವರ್ಷ ನನ್ನ ಕೆಲಸ ಬರೀ ಬಿದ್ದ ವಿಮಾನ ಎತ್ತಿಕೊಂಡು ಬರೋದು. ಎರಡನೇ ವರ್ಷ ರಿಮೋಟ್ ಕೈಗೆ ಬಂತು. ಎತ್ತಿಕೊಂಡು ಬರುವಾಗಲೇ ಹೆಚ್ಚು ಕಲಿತೆ ಅನ್ನಿಸುತ್ತೆ, ಏಕೆಂದರೆ ಮಾವ ಪ್ರತಿ ಸಲವೂ "ಈಗ ಯಾಕೆ ಬಿತ್ತು ಹೇಳು ನೋಡೋಣ" ಅನ್ನೋರು.

ಮೊದಲು ಬೂದು ಬಣ್ಣದ್ದರ ವಿಚಾರ. ಯುದ್ಧವಿಮಾನ ಅಂದರೆ ನಮಗೆಲ್ಲ ತೇಜಸ್ ನೆನಪಾಗುತ್ತದೆ. 2001ರ ಜನವರಿ 4ರಂದು ಅದು ಮೊದಲ ಸಲ ಹಾರಿದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ತೇಜಸ್‌ನ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಅದನ್ನು ಬೇಕಂತಲೇ ಅಸ್ಥಿರವಾಗಿ ಕಟ್ಟಿದ್ದಾರೆ. ಚಕ್ಕನೆ ತಿರುಗಬೇಕು, ಹೊರಳಬೇಕು ಅಂದರೆ ವಿಮಾನ ಹಾಗೇ ಇರಬೇಕು. ಕಂಪ್ಯೂಟರುಗಳು ಕ್ಷಣಕ್ಷಣಕ್ಕೂ ತಿದ್ದುತ್ತಾ ಇರುವುದರಿಂದ ಅದು ನೆಟ್ಟಗೆ ಹಾರುತ್ತದೆ. ಎಷ್ಟೇ ಜಾಣ ಪೈಲಟ್ ಆದರೂ ಆ ಕಂಪ್ಯೂಟರ್ ಇಲ್ಲದೆ ಬರೀ ಕೈಯಲ್ಲಿ ಅದನ್ನು ನಿಭಾಯಿಸೋದು ಆಗದ ಮಾತು. ಕಲಿಯುವವರಿಗೆ ಬೇಕಾದ್ದು ಇದರ ತದ್ವಿರುದ್ಧ. ನಾವು ಗಾಬರಿಯಾಗಿ ಕಡ್ಡಿಯಿಂದ ಕೈ ತೆಗೆದರೆ ತಾನೇ ನೆಟ್ಟಗಾಗುವ ವಿಮಾನ ಬೇಕು. (ರಿಮೋಟಿನ ಮೇಲೆ ಎರಡು ಕಡ್ಡಿ ಇರುತ್ತವೆ, ಅವನ್ನೇ ಕಡ್ಡಿ ಅಂತ ಬರೆದಿದ್ದೇನೆ.)

ಹಳದಿ ವಿಮಾನ ಯಾರದೋ ಮನಸ್ಸಿಗೆ ಬಂದ ಹಾಗೆ ಮಾಡಿದ ಆಟಿಕೆ ಅಲ್ಲ. ಅಮೆರಿಕದ ಪೈಪರ್ ಕಬ್ ಎಂಬ ನಿಜವಾದ ವಿಮಾನದ ನಕಲು ಅದು. ಜೆ-3 ಎಂಬ ಮಾದರಿ 1938ರಿಂದ 1947ರವರೆಗೆ ತಯಾರಾಯಿತು, ಒಟ್ಟು ಸುಮಾರು 20,000. ಇಂಜಿನ್ ಶಕ್ತಿ ಬರೀ 65 ಅಶ್ವಶಕ್ತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಹಳಷ್ಟು ಪೈಲಟ್‌ಗಳು ಯುದ್ಧವಿಮಾನ ಹತ್ತುವ ಮುಂಚೆ ಮೊದಲ ಪಾಠ ಕಲಿತದ್ದು ಇದರಲ್ಲೇ. ಹಳದಿ ಬಣ್ಣ, ಪಕ್ಕದಲ್ಲಿ ಮಿಂಚಿನ ಹಾಗೆ ಒಂದು ಕಪ್ಪು ಗೆರೆ, ಅದೇ ಅದರ ಗುರುತು. ದೊಡ್ಡ ಪೈಲಟ್‌ಗಳೇ ಅದರಲ್ಲಿ ಕಲಿತ ಮೇಲೆ ನಮಗೇನು ನಾಚಿಕೆ?

ತಾನೇ ನೆಟ್ಟಗಾಗೋದು ಹೇಗೆ? ಮುಂದೆ ನಿಂತು ರೆಕ್ಕೆ ನೋಡಿ. ಎರಡು ತುದಿಗಳೂ ನಡುಭಾಗಕ್ಕಿಂತ ಸ್ವಲ್ಪ ಮೇಲಿರುತ್ತವೆ, ಎರಡು ಅಂಗೈ ಜೋಡಿಸಿ ಬೊಗಸೆ ಸ್ವಲ್ಪ ಬಿಚ್ಚಿದ ಹಾಗೆ. ವಿಮಾನ ಬಲಕ್ಕೆ ವಾಲಿತು ಅಂದುಕೊಳ್ಳಿ. ಆಗ ಅದು ಬಲಕ್ಕೇ ಜಾರುತ್ತದೆ. ಜಾರಿದಾಗ ಆ ಕಡೆಯಿಂದ ಬರುವ ಗಾಳಿ ತಗ್ಗಿದ ರೆಕ್ಕೆಗೆ ಜಾಸ್ತಿ ತಾಗಿ, ಅದನ್ನು ಹೆಚ್ಚು ಎತ್ತುತ್ತದೆ. ವಿಮಾನ ಮತ್ತೆ ನೆಟ್ಟಗಾಯ್ತು. ರೆಕ್ಕೆ ಬೆನ್ನ ಮೇಲೆ ಇದ್ದರೂ ಇದಕ್ಕೆ ಸಹಾಯ. ಭಾರ ಕೆಳಗೆ ನೇತಾಡುವುದರಿಂದ ಗಡಿಯಾರದ ಲೋಲಕದ ಥರ ನೆಟ್ಟಗಾಗುತ್ತೆ ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಗಾಳಿಯಲ್ಲಿ ವಿಮಾನ ಯಾವ ಮೊಳೆಗೂ ನೇತುಬಿದ್ದಿಲ್ಲವಲ್ಲ! ಅಲ್ಲೂ ಕೆಲಸ ಮಾಡೋದು ಪಕ್ಕದಿಂದ ಬೀಸುವ ಗಾಳಿಯೇ. ಬೆನ್ನ ಮೇಲಿನ ರೆಕ್ಕೆಯಿಂದ ಇನ್ನೊಂದು ಲಾಭ, ಇಳಿಯುವಾಗ ಹುಲ್ಲಿಗೆ, ಕೂಳೆಗೆ ರೆಕ್ಕೆ ತಾಗುವುದು ಕಡಿಮೆ.

ಮುಂದಿನದು ವೇಗ. ಮಾವನ ವಿಮಾನದ ರೆಕ್ಕೆ ಒಂದು ಮೀಟರ್ ಉದ್ದ, 18 ಸೆಂ.ಮೀ. ಅಗಲ, ತೂಕ 500 ಗ್ರಾಂ. ಲೆಕ್ಕ ಹಾಕಿದರೆ ಅದು ಬೀಳದೆ ಹಾರಲು ಗಂಟೆಗೆ ಸುಮಾರು 25 ಕಿ.ಮೀ. ವೇಗ ಸಾಕು. ಸೈಕಲ್ ಜೋರಾಗಿ ತುಳಿದ ಹಾಗೆ. ಅದೇ ರೆಕ್ಕೆಗೆ ನಾಲ್ಕು ಪಟ್ಟು ತೂಕ ಹೇರಿದರೆ ಎರಡು ಪಟ್ಟು ವೇಗ ಬೇಕು, ಅಂದರೆ 50 ಕಿ.ಮೀ. ಆ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ನಮ್ಮ ಮೈದಾನ ದಾಟೋಕೆ ನಾಲ್ಕೈದು ಸೆಕೆಂಡ್. ಕಲಿಯುವವರಿಗೆ "ಯಾವ ಕಡೆ ತಿರುಗಿಸಲಿ" ಅಂತ ಯೋಚಿಸೋಕೇ ಮೂರು ಸೆಕೆಂಡ್ ಬೇಕು. ಚಿಕ್ಕ ರೆಕ್ಕೆ, ಭಾರದ ಮೈ ಇರುವ ವಿಮಾನಗಳ ತೊಂದರೆ ಇದೇ. ಯುದ್ಧವಿಮಾನದ ಆಕಾರದವು ಬಹಳಷ್ಟು ಹೀಗೇ ಇರುತ್ತವೆ.

ನಮ್ಮ ಚಿತ್ರದಲ್ಲಿರುವ ಬೂದು ವಿಮಾನ ಹಗುರವಾಗಿದೆ, ಆ ಮಾತು ನಿಜ. ಆದರೆ ಅದಕ್ಕೆ ಬಾಲದಲ್ಲಿ ಅಲುಗುವ ಪಟ್ಟಿಗಳೇ ಇಲ್ಲ. ಹಿಂದೆ ಎರಡು ಪುಟ್ಟ ಫ್ಯಾನ್ ಇವೆ. ಒಂದನ್ನು ನಿಧಾನ ಮಾಡಿದರೆ ಆ ಕಡೆಗೆ ತಿರುಗುತ್ತದೆ, ಎರಡನ್ನೂ ಜೋರು ಮಾಡಿದರೆ ಮೇಲೇರುತ್ತದೆ. ಅಷ್ಟೇ. ಬ್ಯಾಟರಿ ಮುಗಿದು ಫ್ಯಾನ್ ನಿಂತರೆ ಮುಗೀತು, ತಿರುಗಿಸೋಕೆ ಏನೂ ಉಳಿಯಲ್ಲ. ತೆಂಗಿನ ತೋಟದ ಕಡೆ ಮುಖ ಮಾಡಿದ್ದರೆ ತೆಂಗಿನ ತೋಟಕ್ಕೇ. ಹಳದಿಯದರಲ್ಲಿ ಎಲಿವೇಟರ್, ರಡ್ಡರ್ ಎರಡೂ ಇವೆ. ಎಲಿವೇಟರ್ ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ, ರಡ್ಡರ್ ಎಡ ಬಲ. ಫ್ಯಾನಿನ ವೇಗ ಸೇರಿ ಮೂರು ಚಾನೆಲ್. ಮೋಟಾರ್ ನಿಂತರೂ ಇವೆರಡು ಕೆಲಸ ಮಾಡುತ್ತಿರುತ್ತವೆ, ಹದ್ದಿನ ಥರ ತೇಲಿಸಿಕೊಂಡು ಇಳಿಸಬಹುದು. ನಾಲ್ಕನೇ ಚಾನೆಲ್ ಅಂದರೆ ಏಲರಾನ್, ರೆಕ್ಕೆಯ ಅಂಚಿನ ಪಟ್ಟಿಗಳು. ಅದು ಆಮೇಲೆ ಸಾಕು.

ಡಬ್ಬಿಯ ಮೇಲಿನ ಅಕ್ಷರ ನೋಡಿ ಆರ್ಡರ್ ಮಾಡಬೇಕು. ಆರ್‌ಟಿಎಫ್ ಅಂತಿದ್ದರೆ ರಿಮೋಟ್, ಬ್ಯಾಟರಿ, ಚಾರ್ಜರ್ ಎಲ್ಲ ಒಳಗೇ ಇರುತ್ತವೆ. ಬಿಎನ್‌ಎಫ್ ಅಂದರೆ ರಿಮೋಟ್ ಇರಲ್ಲ. ಪಿಎನ್‌ಪಿ ಅಂದರೆ ರಿಮೋಟೂ ಇಲ್ಲ, ಸಿಗ್ನಲ್ ಹಿಡಿಯುವ ರಿಸೀವರೂ ಇಲ್ಲ. ಅಗ್ಗ ಅಂತ ಅದನ್ನು ತರಿಸಿದರೆ ಉಳಿದದ್ದಕ್ಕೆ ಅಷ್ಟೇ ದುಡ್ಡು ಮತ್ತೆ ಸುರಿಯಬೇಕು. ಇರುವ 9,400ರಲ್ಲಿ ಎಲ್ಲವನ್ನೂ ವಿಮಾನಕ್ಕೇ ಹಾಕದೆ, ಇನ್ನೊಂದು ಬ್ಯಾಟರಿಗೆ, ಮೂರು ನಾಲ್ಕು ಹೆಚ್ಚುವರಿ ಫ್ಯಾನಿಗೆ ಉಳಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಮೊದಲು ಮುರಿಯೋದು ಫ್ಯಾನೇ. ಅದು ಮುರಿದರೆ ಅಂಟು ಹಾಕಿ ಓಡಿಸೋ ಹಾಗಿಲ್ಲ, ತುಂಡು ಕಣ್ಣಿಗೆ ಹಾರುತ್ತೆ.

ಹೆಡ್ ಮೇಷ್ಟ್ರು ಕಾನೂನಿನ ವಿಚಾರ ಕೇಳಿದ್ದರು. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಡ್ರೋನ್ ನಿಯಮಗಳು ಇಂಥ ವಿಮಾನಕ್ಕೂ ಸೇರುತ್ತವೆ. 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೋ ಗುಂಪು. ನ್ಯಾನೋಗೂ, ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ ಎಂದು ಆ ನಿಯಮದಲ್ಲಿದೆ. ವಿಮಾನ ನಿಲ್ದಾಣದ ಸುತ್ತಮುತ್ತ ಕೆಂಪು, ಹಳದಿ ವಲಯ ಅಂತ ನಿರ್ಬಂಧ ಉಂಟು. ಕೊಳ್ಳುವ ಮುಂಚೆ ದೊಡ್ಡವರೊಬ್ಬರು ನಕ್ಷೆ, ನಿಯಮ ಎರಡನ್ನೂ ನೋಡಿಬಿಡುವುದು ಒಳ್ಳೆಯದು.

ಇನ್ನು ಹಾರಿಸುವ ಮುಂಚಿನ ಕೆಲಸ. ನಮ್ಮ ಕಡೆ ಗಾಡಿಗೆ ಹುಲ್ಲು ಹೇರುವಾಗ ದೊಡ್ಡವರು "ಹಿಂಭಾರ ಆಯ್ತು ನೋಡ್ರೋ" ಅಂತ ಕೂಗೋದು ಕೇಳಿದ್ದೀರಲ್ಲ? ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಹಗ್ಗ ಬಿಗಿಯುತ್ತೆ. ಮುಂಭಾರ ಆದರೆ ಎತ್ತಿನ ಹೆಗಲ ಮೇಲೆ ಕೂರುತ್ತೆ. ವಿಮಾನಕ್ಕೂ ಇದೇ ನ್ಯಾಯ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಎಲ್ಲೋ ಭಾರದ ನಡು ಇರಬೇಕು. ಸರಿಯಾದ ಜಾಗ ಜೊತೆಗೆ ಬರುವ ಪುಸ್ತಕದಲ್ಲಿರುತ್ತದೆ. ಎರಡು ಕಡೆ ಪೆನ್ನಿನಲ್ಲಿ ಗುರುತು ಹಾಕಿ, ಬ್ಯಾಟರಿ ಒಳಗಿಟ್ಟು, ಆ ಗುರುತಿನ ಕೆಳಗೆ ಎರಡು ಬೆರಳಿಟ್ಟು ಎತ್ತಿ. ಮಟ್ಟಸವಾಗಿ ಅಥವಾ ಮೂತಿ ಒಂದು ಚೂರು ಕೆಳಗಾಗಿ ನಿಲ್ಲಬೇಕು. ಬಾಲ ಕೆಳಗಾದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಮುಂಭಾರದ ವಿಮಾನ ಸೋಮಾರಿ ಎತ್ತಿನ ಥರ, ಏಳೋಕೆ ಒಲ್ಲದು, ಆದರೆ ಮಾತು ಕೇಳುತ್ತದೆ. ಹಿಂಭಾರದ್ದು ಕೈಯಿಂದ ಬಿಟ್ಟ ಕೂಡಲೇ ಮೂತಿ ಎತ್ತಿ, ನಿಂತು, ಮಗುಚಿಕೊಂಡು ಬೀಳುತ್ತದೆ. ಮಾವ ನೋಡಿದ ಮೊದಲ ದಿನದ ಅಪಘಾತಗಳಲ್ಲಿ ಇದೇ ಜಾಸ್ತಿಯಂತೆ.

ಎರಡನೆಯದು ದಿಕ್ಕು. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ರಡ್ಡರ್ ಬಲಕ್ಕೆ ಹೋಗಬೇಕು. ಕಡ್ಡಿಯನ್ನು ನಮ್ಮ ಕಡೆ ಎಳೆದರೆ ಎಲಿವೇಟರ್ ಪಟ್ಟಿ ಮೇಲೇಳಬೇಕು. ತಿರುಗುಮುರುಗಾಗಿದ್ದರೆ ರಿಮೋಟಿನಲ್ಲಿ ರಿವರ್ಸ್ ಸ್ವಿಚ್ ಇರುತ್ತದೆ. ಪ್ರತಿ ಸಲ ಹಾರಿಸುವ ಮುಂಚೆ ಇದನ್ನು ನೋಡಲೇಬೇಕು, ನಿನ್ನೆ ಸರಿ ಇತ್ತು ಅಂತ ಬಿಡೋ ಹಾಗಿಲ್ಲ. ಸ್ವಿಚ್ ಹಾಕುವ ಕ್ರಮವೂ ಮುಖ್ಯ: ಮೊದಲು ರಿಮೋಟ್, ಆಮೇಲೆ ವಿಮಾನದ ಬ್ಯಾಟರಿ. ಆರಿಸುವಾಗ ಮೊದಲು ವಿಮಾನ, ಕೊನೆಗೆ ರಿಮೋಟ್. ಬ್ಯಾಟರಿ ಸಿಕ್ಕಿಸಿದ ಮೇಲೆ ಆ ಫ್ಯಾನ್ ಯಾವ ಗಳಿಗೆಯಲ್ಲಾದರೂ ತಿರುಗಬಹುದು ಅಂದುಕೊಂಡೇ ಹಿಡಿಯಬೇಕು. ಬೆರಳು ಕುಯ್ಯುತ್ತೆ.

ಗಾಳಿ ಬಗ್ಗೆ ಒಂದು ಮಾತು. ಕಣದಲ್ಲಿ ರಾಗಿ ತೂರೋಕೆ ಗಾಳಿ ಬರಲಿ ಅಂತ ಕಾಯ್ತೀವಿ. ವಿಮಾನ ಕಲಿಯೋರು ಗಾಳಿ ಹೋಗಲಿ ಅಂತ ಕಾಯಬೇಕು. ಬೆಳಿಗ್ಗೆ ಆರರಿಂದ ಎಂಟರೊಳಗೆ, ಎಲೆ ಅಲುಗದ ಹೊತ್ತು. ಬೇಸಿಗೆಯಲ್ಲಿ ನೀರಿಲ್ಲದ ಕೆರೆ ಅಂಗಳಕ್ಕಿಂತ ಒಳ್ಳೆ ಜಾಗ ನಮ್ಮೂರಲ್ಲಿಲ್ಲ. ಏರಿಯ ಮೇಲಿನ ಕರೆಂಟ್ ತಂತಿಗೆ ಬೆನ್ನು ಮಾಡಿ ನಿಲ್ಲಬೇಕು. ಎಸೆಯುವಾಗ ಗಾಳಿ ಮುಖಕ್ಕೆ ಬೀಸುವಂತೆ ನಿಂತು, ಮಟ್ಟಸವಾಗಿ ತಳ್ಳಬೇಕು, ಕಲ್ಲು ಬೀರಿದ ಹಾಗೆ ಮೇಲಕ್ಕಲ್ಲ. ರಾಗಿ ಪೈರಿನಲ್ಲಿ ಬಿದ್ದರೆ ಹೊಲದವರನ್ನು ಕೇಳದೆ ಇಳಿಯಬೇಡಿ. ವಿಮಾನದ ನೆಪದಲ್ಲಿ ಪೈರು ತುಳಿದರೆ ಸಂಘವೇ ಮುಚ್ಚಿಹೋಗುತ್ತದೆ.

ಹೊಸಬರ ಕೈಯಲ್ಲಿ ಬೀಳೋದು ಹೆಚ್ಚಾಗಿ ಎರಡು ಥರ. ಒಂದು, ವಿಮಾನ ನಮ್ಮ ಕಡೆಗೇ ಬರುವಾಗ ಎಡಬಲ ತಿರುಗುಮುರುಗಾಗಿ ಕಾಣುತ್ತದೆ. ಇದಕ್ಕೆ ಮಾವ ಹೇಳಿಕೊಟ್ಟ ಉಪಾಯ, ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಕಡ್ಡಿ ತಳ್ಳು, ಕೈ ಆನಿಸಿ ಎತ್ತಿದ ಹಾಗೆ. ಇನ್ನೊಂದು, ವಿಮಾನ ನಿಧಾನವಾಗಿ ಇಳೀತಾ ಇದ್ದರೆ ಹೆದರಿ ಕಡ್ಡಿಯನ್ನು ಪೂರ್ತಿ ಎಳೆಯೋದು. ಎಳೆದಷ್ಟೂ ಮೂತಿ ಏಳುತ್ತೆ, ವೇಗ ಸಾಯುತ್ತೆ, ರೆಕ್ಕೆ ಎತ್ತುವ ಶಕ್ತಿಯನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಸ್ಟಾಲ್ ಅಂತಾರೆ. ಕಡ್ಡಿ ಸಡಿಲ ಬಿಟ್ಟು ವೇಗ ಕೂಡಲು ಬಿಡಬೇಕು. ಅದಕ್ಕೆ ಎತ್ತರ ಬೇಕು, ಹಾಗಾಗಿ ಮೊದಲ ಪಾಠಗಳೆಲ್ಲ ಎರಡು ತೆಂಗಿನಮರದಷ್ಟು ಎತ್ತರದಲ್ಲೇ ಆಗಲಿ.

ಹಾರದೇ ಇದ್ದರೆ? ಫ್ಯಾನ್ ತಿರುಗದೆ ಬರೀ ಪೀಪೀ ಅಂತಿದ್ದರೆ ಥ್ರಾಟಲ್ ಕಡ್ಡಿ ಪೂರ್ತಿ ಕೆಳಗಿದೆಯಾ ನೋಡಿ. ಮೇಲಿದ್ದರೆ ಅಪಾಯ ಅಂತ ಒಳಗಿನ ವೇಗ ನಿಯಂತ್ರಕ ಮೋಟಾರಿಗೆ ಕರೆಂಟೇ ಬಿಡಲ್ಲ. ಏನೂ ಅಲುಗದಿದ್ದರೆ ರಿಮೋಟ್ ಮತ್ತು ರಿಸೀವರ್ ಜೋಡಿ ತಪ್ಪಿರಬಹುದು, ಪುಸ್ತಕ ನೋಡಿ ಮತ್ತೆ ಜೋಡಿಸಬೇಕು. ಮೋಟಾರ್ ನಡುಗುತ್ತಾ ಕೆಮ್ಮಿದ ಹಾಗೆ ಮಾಡಿದರೆ ಮೂರು ತಂತಿಯ ಮೋಟಾರಿನಲ್ಲಿ ಒಂದು ತಂತಿ ಸಡಿಲ. ಪಂಪ್‌ಸೆಟ್ಟಿಗೆ ಒಂದು ಫೇಸ್ ಹೋದ ಹಾಗೆ! ಉಲ್ಟಾ ತಿರುಗಿದರೆ ಆ ಮೂರರಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ, ಇದೂ ಪಂಪ್‌ಸೆಟ್ಟಿನ ನ್ಯಾಯವೇ.

ಮೋಟಾರ್ ಜೋರಾಗಿ ಕೂಗುತ್ತೆ, ವಿಮಾನ ಮಾತ್ರ ಏಳಲ್ಲ. ಇದು ಬಹಳ ಜನರನ್ನು ಸತಾಯಿಸುವ ತೊಂದರೆ. ಫ್ಯಾನನ್ನು ಹಿಂದುಮುಂದಾಗಿ ಹಾಕಿರುತ್ತಾರೆ. ಹಾಗೆ ಹಾಕಿದರೂ ಗಾಳಿ ಹಿಂದಕ್ಕೇ ಹೋಗುವುದರಿಂದ ಗೊತ್ತಾಗಲ್ಲ, ಬಲ ಮಾತ್ರ ಕಡಿಮೆ. ಫ್ಯಾನಿನ ಮೇಲೆ ಅಂಕಿ ಕೊರೆದಿರುವ ಮುಖ ವಿಮಾನ ಹೋಗುವ ದಿಕ್ಕಿಗೆ ಇರಬೇಕು. ಇನ್ನೊಂದು ವಿಚಿತ್ರ: ಮೋಟಾರ್ ಸ್ವಲ್ಪ ಬಲಕ್ಕೂ ಕೆಳಕ್ಕೂ ವಾರೆಯಾಗಿ ಕೂತಿರಬಹುದು. ಫ್ಯಾನ್ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ಎಳೆಯುವುದನ್ನು ಸರಿದೂಗಿಸಲು ಬೇಕಂತಲೇ ಹಾಗೆ ಮಾಡಿರುತ್ತಾರೆ. ಸೊಟ್ಟ ಇದೆ ಅಂತ ನೆಟ್ಟಗೆ ಮಾಡಲು ಹೋಗಬೇಡಿ. ಜೈರೋ ಇರುವ ವಿಮಾನವಾದರೆ ಬ್ಯಾಟರಿ ಸಿಕ್ಕಿಸಿದ ಮೇಲೆ ಕೆಲವು ಸೆಕೆಂಡ್ ನೆಲದ ಮೇಲೆ ಅಲುಗದಂತೆ ಬಿಡಬೇಕು. ಕೈಯಲ್ಲಿ ಹಿಡಿದು ಓಡಾಡಿದರೆ ಅದಕ್ಕೆ ಮಟ್ಟಸ ಅಂದರೆ ಏನು ಅಂತಲೇ ತಿಳಿಯದೆ ಒಂದೇ ಕಡೆ ವಾಲುತ್ತಾ ಹೋಗುತ್ತದೆ.

ಆಕಾಶದಲ್ಲಿ ಮೋಟಾರ್ ನಿಂತಿತು ಅಂದರೆ ಬಹುಪಾಲು ಬ್ಯಾಟರಿ ಮುಗಿದಿದೆ. 1300 ಮಿಲಿ ಆಂಪಿಯರ್ ಅವರ್ ಬ್ಯಾಟರಿಯಿಂದ ಸರಾಸರಿ 10 ಆಂಪಿಯರ್ ಎಳೆದರೆ ಎಂಟು ನಿಮಿಷಕ್ಕೆ ಖಾಲಿ. ಪೂರ್ತಿ ಖಾಲಿ ಮಾಡಬಾರದು, ಆರು ನಿಮಿಷಕ್ಕೆ ಇಳಿಸಿಬಿಡಬೇಕು. ಸಂಘದಲ್ಲಿ ಒಬ್ಬರು ಗಡಿಯಾರ ನೋಡುತ್ತಾ ಕೂಗಬೇಕು.

ಬ್ಯಾಟರಿ ವಿಚಾರದಲ್ಲಿ ಮಾತ್ರ ತಮಾಷೆ ಇಲ್ಲ. ಇದು ಲಿಥಿಯಂ ಪಾಲಿಮರ್. ಒಂದು ಸೆಲ್ಲಿಗೆ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2. ಅದಕ್ಕಿಂತ ಮೇಲೆ ಹೋದರೆ ಬೆಂಕಿ, 3ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಹಾಳು. 1300ರ ಬ್ಯಾಟರಿಗೆ 1.3 ಆಂಪಿಯರಿನಲ್ಲೇ ಚಾರ್ಜ್ ಮಾಡಬೇಕು, ಅದೂ ಅದರ ಸ್ವಂತ ಚಾರ್ಜರಿನಲ್ಲಿ. ಮಣ್ಣಿನ ಕುಂಡದಲ್ಲಿ ಒಣಮರಳು ಹಾಕಿ ಅದರ ಮೇಲಿಟ್ಟು, ಯಾರಾದರೂ ಎದುರಿಗೇ ಕೂತಿರಬೇಕು. ರಾತ್ರಿ ಹಾಕಿ ಮಲಗೋದು, ಪುಸ್ತಕದ ಬೀರುವಿನಲ್ಲಿ ಇಟ್ಟು ಹೋಗೋದು ಕೂಡದು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಮೇಷ್ಟ್ರ ಕೈಗೆ ಕೊಡಿ. ಹಾರಿಸದೆ ವಾರಗಟ್ಟಲೆ ಇಡುವುದಾದರೆ ಸೆಲ್ಲಿಗೆ 3.8 ವೋಲ್ಟ್ ಇರುವಂತೆ ನೋಡಿಕೊಂಡರೆ ಬಹಳ ದಿನ ಬಾಳುತ್ತದೆ.

ಬಿದ್ದಾಗ ಓಡಿ ಹೋಗಿ ಎತ್ತೋದಲ್ಲ. ಮೊದಲು ಥ್ರಾಟಲ್ ಸೊನ್ನೆ, ಆಮೇಲೆ ಹತ್ತಿರ ಹೋಗಿ ಬ್ಯಾಟರಿ ಬಿಚ್ಚುವುದು, ಆಮೇಲೆ ತುಂಡು ಹುಡುಕುವುದು. ಮೈ ಯಾವ ಫೋಮ್ ಅಂತ ತಿಳಿಯದೆ ಅಂಟು ಹಚ್ಚಬಾರದು. ಥರ್ಮಾಕೋಲ್ ಆಗಿದ್ದರೆ ತಕ್ಷಣ ಹಿಡಿಯುವ ಕ್ವಿಕ್ ಅಂಟು ಅದನ್ನು ಕರಗಿಸಿ ತೂತು ಮಾಡುತ್ತದೆ, ಬಿಳಿ ಗೋಂದು ಹಾಕಿ ರಾತ್ರಿಯೆಲ್ಲ ಒಣಗಿಸಬೇಕು. ಇಪಿಒ ಎಂಬ ಫೋಮ್ ಆದರೆ ಕ್ವಿಕ್ ಅಂಟೂ ನಡೆಯುತ್ತೆ. ಅದರ ಮೂತಿ ಜಜ್ಜಿಹೋಗಿದ್ದರೆ ಮೋಟಾರ್, ವೈರ್ ಬಿಚ್ಚಿಟ್ಟು, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ. ತಗ್ಗಾಗಿದ್ದು ಉಬ್ಬಿಕೊಂಡು ಬಹಳಮಟ್ಟಿಗೆ ಮೊದಲಿನಂತೆ ಆಗುತ್ತದೆ. ಸರಿಯಾದ ಮೇಲೆ ಭಾರದ ನಡುವನ್ನು ಮತ್ತೆ ಬೆರಳ ಮೇಲೆ ನೋಡಬೇಕು, ಅಂಟಿಗೂ ತೂಕ ಇರುತ್ತದೆ.

ಹಳದಿಯದನ್ನೇ ತರಿಸುವುದಾದರೆ ಯಾವ ಫೋಮ್ ಅಂತ ಅಂಗಡಿಯವರಿಗೆ ಕೇಳಿಕೊಳ್ಳಿ. ಚಿತ್ರದಲ್ಲಿ ಅದನ್ನು ಬರೆದಿಲ್ಲ.